ಮೂರನೇ ಸಾಲಿನ ಉಪ್ಪು

ಮೋಹನದಾಸರಿಗೆ ಐವತ್ತೆಂಟು. ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ವಯರಿಂಗ್ ಮಾಡಿ, ಮೊಣಕಾಲು ಸವೆಸಿಕೊಂಡು ಬಂದವರು. ಉಳ್ಳಾಲದ ಗುಣಪಾಲರ ಐಸ್ ಪ್ಲಾಂಟಿನಲ್ಲಿ ತಾರಸಿಯ ಸೋಲಾರ್, ಕೆಳಗಿನ ಬ್ಯಾಟರಿ, ಹೊರಗಿನ ಲೈನು ಮೂರನ್ನೂ ಹೊಂದಿಸಿ ನಡೆಸುವ ಯಂತ್ರಕ್ಕೆ ಈಗ ಅವರೇ ಕಾವಲು. ಮನೆಯಿರುವ ಕುಲಶೇಖರದಿಂದ ಒಂದು ಬಸ್ಸು, ಹಂಪನಕಟ್ಟೆಯಲ್ಲಿ ಇಳಿದು ಇನ್ನೊಂದು.

ಹತ್ತು ದಿನಗಳಿಂದ ಒಂದೇ ಗೋಳು. ಬೆಳಿಗ್ಗೆ ಏಳಕ್ಕೆ ಮೊಬೈಲಿನಲ್ಲಿ ಕೆಂಪು ಗುರುತು: ಮೂರನೇ ಸಾಲಿನ ಪ್ಯಾನೆಲ್‌ಗಳಲ್ಲಿ ಕರೆಂಟು ಸೋರುತ್ತಿದೆ. ಇಡೀ ಯಂತ್ರ ತಾನಾಗಿ ನಿಲ್ಲುತ್ತದೆ, ಮಂಜುಗಡ್ಡೆ ಅರೆಬರೆಯಾಗುತ್ತದೆ. ಒಂಬತ್ತೂವರೆಗೆ ಅವರು ಏಣಿ ಏರುವಾಗ ಎಲ್ಲವೂ ಹಸಿರು. ಡಾಕ್ಟರರ ಬಾಗಿಲು ಕಂಡೊಡನೆ ಜ್ವರ ಬಿಡುವ ಮಗುವಿನ ಹಾಗೆ.

ನಿನ್ನೆ ಗುಣಪಾಲರೇ ಕಾರಣ ಹೇಳಿದ್ದರು. ನೆಲ ತೊಳೆಯುವ ಅಪ್ಪಿ ತಾರಸಿಯಲ್ಲಿ ಉಪ್ಪುಮೀನು ಒಣಹಾಕುತ್ತಾಳೆ. "ಅದೇ ನೀರು ಇಳಿದದ್ದು. ನೀವು ಬರೆದು ಕೊಡಿ ಮೋಹನಣ್ಣ, ಶನಿವಾರದಿಂದ ಅವಳು ಬೇಡ."

ಇಂದು ಅವರು ಮೊದಲ ಬಸ್ಸಿಗೇ ಬಂದರು. ಇಬ್ಬನಿ ಇನ್ನೂ ಆರಿರಲಿಲ್ಲ. ಒಂದೊಂದೇ ಜೋಡಣೆಗೆ ಮೀಟರು ಹಿಡಿಯುತ್ತ ಹೋದರು. ಮೂರನೇ ಸಾಲಿನ ಕೊನೆಯಲ್ಲಿ ಅಂಕಿ ಕುಸಿಯಿತು. ಬಿರುಕು ಬಿಟ್ಟ ಮುಚ್ಚಳದೊಳಗೆ ಬಿಳಿ ಹುಡಿ. ಇಬ್ಬನಿಗೆ ಒದ್ದೆಯಾದರೆ ಸೋರಿಕೆ, ಬಿಸಿಲಿಗೆ ಒಣಗಿದರೆ ಮಾಯ. ಉಪ್ಪೇ.

ಆದರೆ ಅಪ್ಪಿಯ ಮೀನು ಇದ್ದದ್ದು ಆಚೆ ತುದಿಯಲ್ಲಿ, ಮೊದಲ ಸಾಲಿನ ಬಳಿ. ಅಲ್ಲಿಯ ಜೋಡಣೆಗಳು ಚೊಕ್ಕವಾಗಿದ್ದವು. ಇಲ್ಲಿದ್ದದ್ದು ನಲ್ಲಿ, ವಾರಕ್ಕೆರಡು ಸಲ ಅವರೇ ಪೈಪು ಸಿಕ್ಕಿಸಿ ಪ್ಯಾನೆಲ್ ತೊಳೆಯುವ ನಲ್ಲಿ. ತಿರುಗಿಸಿ ಒಂದು ಹನಿ ನಾಲಗೆಗೆ ಹಚ್ಚಿದರು.

"ಬಾವಿ ನೀರು ಶಿವರಾತ್ರಿ ಕಳೆದ್ರೆ ಉಪ್ಪಾಗ್ತದೆ," ಎಂದಳು ಮೇಲೆ ಬಂದಿದ್ದ ಅಪ್ಪಿ. "ಗೊತ್ತಿಲ್ವಾ ಮೋಹನಣ್ಣ?"

"ಯಾರೂ ಹೇಳ್ಲಿಲ್ಲ."

"ಹೇಳ್ಲಿಕ್ಕೆ ಎಂತ ಉಂಟು? ಇಲ್ಲಿ ಒಂದು ಲೋಟ ಕುಡಿದ್ರೆ ಗೊತ್ತಾಗ್ತಿತ್ತು. ನೀವು ಮನೆಯಿಂದ ಬಾಟ್ಲಿ ತರುವ ದೊಡ್ಡ ಜನ!" ನಕ್ಕು, ಒಣಮೀನನ್ನು ಗಂಟು ಕಟ್ಟತೊಡಗಿದಳು. ನಾಳೆ ಶನಿವಾರ; ಅವಳಿಗೂ ಸುದ್ದಿ ಮುಟ್ಟಿತ್ತು.

ಮೋಹನದಾಸರು ಕಟ್ಟೆಯ ಮೇಲೆ ಕುಳಿತರು. ಉಪ್ಪು ಎಂದಷ್ಟೇ ಬರೆದರೆ ಸಾಕು. ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಈ ಮೊಣಕಾಲಿಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಜೇಬಿನಿಂದ ಚೀಟಿ, ಪೆನ್ನು ತೆಗೆದರು. ಆಮೇಲೆ ಬರೆದರು: 'ಬಾವಿಯ ಉಪ್ಪುನೀರಿನಿಂದ ತೊಳೆದದ್ದೇ ಕಾರಣ. ತೊಳೆದವನು ಮೋಹನದಾಸ್.'

ಕೆಳಗೆ ಗುಣಪಾಲರು ಅದನ್ನು ಎರಡು ಸಲ ಓದಿದರು. "ಹೆಸರು ಬರೀಬೇಕಿತ್ತಾ ಮಾರಾಯ್ರೆ?"

"ನೀವು ಅವಳ ಹೆಸರು ಹೇಳಿದ್ರಲ್ಲ."

"ಸರಿ, ಅವಳು ಇರ್ಲಿ. ನಿಮ್ಮದು ನೋಡುವ."

ಸಿಹಿನೀರಿನ ಕೊಡ, ಹಳೆ ಬಟ್ಟೆ, ಹೊಸ ಮುಚ್ಚಳಗಳೊಂದಿಗೆ ಅವರು ಮತ್ತೆ ಏಣಿ ಹತ್ತಿದರು. ಅರ್ಧದಲ್ಲಿ ನಿಂತು ಮೊಣಕಾಲು ತಿಕ್ಕಿಕೊಂಡರು. ಮೇಲೆ ಅಪ್ಪಿ, ಮಾತು ಕೇಳಿಸಿತ್ತೇನೋ, ಗಂಟು ಬಿಚ್ಚುತ್ತಿದ್ದಳು. ಮೀನಿನ ವಾಸನೆ ಏಣಿಯಿಳಿದು ಬಂತು.