ಬ್ರೆಡ್ಡು ಬಿಟ್ಟು ರೊಟ್ಟಿ ಹಿಡಿದ ಅವ್ವ

ಹತ್ತಿಮತ್ತೂರಿನ ನಮ್ಮ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಬರುವವರು ಬ್ರೆಡ್ಡು ತರುತ್ತಾರೆ. ದಮ್ಮು ಹೆಚ್ಚಾಗಿ ಆಸ್ಪತ್ರೆ ಸೇರಿದ್ದ ಅವ್ವ ಮನೆಗೆ ಬಂದಾಗ ಗೋಡೆಯ ಗೂಡಿನ ತುಂಬ ಬ್ರೆಡ್ಡಿನ ಪಾಕೀಟುಗಳೇ. ರೊಟ್ಟಿ ಜಡ, ದಮ್ಮಿನವರಿಗೆ ಆಗದು ಎಂದು ಎಲ್ಲರೂ ಹೇಳಿದರು. ಚಹಾದಲ್ಲಿ ಅದ್ದಿದ ಬ್ರೆಡ್ಡು, ಮೆತ್ತಗಿನ ಅನ್ನ, ಅವಳ ಊಟ ಅಷ್ಟಕ್ಕೇ ನಿಂತಿತು.

ಮೈ ಇಳಿಯಿತು. ಬಳೆಗಳು ಮೊಣಕೈತನಕ ಜಾರುತ್ತಿದ್ದವು. ಮಲ ಕಟ್ಟಿ, ತಿಣುಕಿದರೆ ಉಸಿರೇ ಸಿಗುತ್ತಿರಲಿಲ್ಲ. ಎರಡು ಮಾತಾಡಿ ನಿಲ್ಲುವಳು, ಉಸಿರೆಳೆದು ಮತ್ತೆರಡು ಆಡುವಳು. ಅವ್ವ ಕೈಬಿಟ್ಟು ಹೋಗುತ್ತಾಳೆಂದು ನನಗೆ ಹೆದರಿಕೆಯಾಯಿತು.

ಕಟ್ಟಿಗೆ ಒಲೆಯ ಮುಂದೆ ಕುಳಿತು ಮಂದಿಗೆ ರೊಟ್ಟಿ ಬಡಿದುಕೊಟ್ಟೇ ನನ್ನನ್ನು ಓದಿಸಿದವಳು ಅವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಡಿಗ್ರಿ ನನಗೆ ಬಂತು, ಹೊಗೆ ಅವಳ ಎದೆಗೆ ಹೋಯಿತು.

ಸವಣೂರಿನ ಡಾಕ್ಟರು ಅವಳ ಊಟ ಕೇಳಿ ತಲೆಯಾಡಿಸಿದರು. “ನಿಮ್ಮವ್ವಾರು ಸುಮ್ನ ಕುಂತ್ರೂ ಉಸಿರಾಡಾಕ ದುಡೀಬೇಕ್ರಿ. ಉಂಡದ್ದು ಅದಕ್ಕ ಖರ್ಚಾಗತೈತಿ. ರೊಟ್ಟಿ, ಕಾಳು, ಮೆಂತೆಪಲ್ಲೆ ಕೊಡ್ರಿ. ಅದ್ರಾಗ ತ್ರಾಣಾನೂ ಐತಿ, ಹೊಟ್ಟಿ ಸಡಿಲ ಮಾಡೋ ನಾರೂ ಐತಿ. ಒಮ್ಮೆಲೇ ಬ್ಯಾಡ, ಹೊಟ್ಟಿ ಬಿರಿಯಂಗ ಉಂಡ್ರ ದಮ್ಮು ಒತ್ತತೈತಿ. ಸ್ವಲ್ಪ ಸ್ವಲ್ಪ, ಮ್ಯಾಲ ನೀರು.”

ಅಂದಿನಿಂದ ಗ್ಯಾಸಿನ ಮೇಲೆ ನಾನೇ ರೊಟ್ಟಿ ಬಡಿದೆ. ಅವ್ವ ಅಂಕುಡೊಂಕಾದ ಮೊದಲ ರೊಟ್ಟಿಯನ್ನು ತಿರುವಿ ನೋಡಿ, “ಇದಕ್ಕ... ಕಾಲು ಮೂಡ್ಯಾವಲ್ಲ,” ಎಂದಳು. ಆದರೂ ಹೆಸರುಕಾಳಿನ ಪಲ್ಲೆಯಲ್ಲಿ ನೆನೆಸಿ ಅರ್ಧ ಉಂಡಳು. ಸಂಜೆ ಉಳಿದರ್ಧ ಬೇಡಿದಳು. ದಿನ ಕಳೆದಂತೆ ಹೊಟ್ಟೆ ಹಗುರಾಯಿತು. ಗೋಡೆ ಹಿಡಿಯದೆ ಬಾಗಿಲತನಕ ಬರತೊಡಗಿದಳು.

ಮೊನ್ನೆ ಚಿಕ್ಕೇರೂರಿನಿಂದ ಚಿಕ್ಕವ್ವ ಬಂದಳು, ಕೈಯಲ್ಲಿ ದೊಡ್ಡ ಬ್ರೆಡ್ಡು.

“ಅದನ್ನ ನಿನ್ನ ಮೊಮ್ಮಕ್ಕಳಿಗೆ ಒಯ್ಯವಾ,” ಎಂದಳು ಅವ್ವ. “ನನಗ ತರೂದಿದ್ರ ಒಂದು ಸೇರು ಬಿಳಿಜೋಳ ತರಬೇಕಿತ್ತು. ಕುಂದ್ರು, ಡಿಗ್ರಿ ಮಾಡಿದಾಕಿ ರೊಟ್ಟಿ ಹೆಂಗ ಬಡೀತಾಳ ನೋಡಿ ಉಂಡು ಹೋಗು.”

ಚಿಕ್ಕವ್ವ ನಗುತ್ತಿದ್ದಳು. ನನಗೆ ಕಣ್ಣು ತುಂಬಿತು. ಅಷ್ಟುದ್ದದ ಮಾತನ್ನು ಅವ್ವ ಉಸಿರಿಗೆಂದು ಎಲ್ಲೂ ನಿಲ್ಲಿಸಿರಲಿಲ್ಲ. ಹಂಚಿಗೆ ಇನ್ನೊಂದು ರೊಟ್ಟಿ ಹಾಕಿದೆ.