ಬಲಗೈಗೆ ಮಾತ್ರ ನಾಲ್ಕಾಣೆ

ವ್ಯಾಯಾಮ ಶಾಲೆಗೆ ನಾನು ಕೊಟ್ಟದ್ದು ತಿಂಗಳಿಗೆ ನಾಲ್ಕಾಣೆ. ಉಳಿದವರೆಲ್ಲ ಒಂದು ರೂಪಾಯಿ ಕೊಡುತ್ತಿದ್ದರು. ಯಾಕೆ ಈ ವ್ಯತ್ಯಾಸ ಎಂದರೆ, ಅವರು ಇಡೀ ಮೈಗೆ ಕೊಡುತ್ತಿದ್ದರು, ನಾನು ಬಲಗೈಗೆ ಮಾತ್ರ. ಅದೂ ಮೊಣಕೈಯಿಂದ ಕೆಳಗೆ. ಬೇಡದ ಸಾಮಾನಿಗೆ ದುಡ್ಡು ಕೊಡುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೈ ಯಾಕೆ ಬೇಕಾಯಿತು ಎನ್ನುವುದನ್ನು ಮೊದಲು ಹೇಳಬೇಕು. ಯುದ್ಧ ಮುಗಿದ ಮೇಲಿನ ವರ್ಷಗಳು ಅವು. ಕಾಸರಗೋಡು ಇನ್ನೂ ಮದರಾಸು ಸರಕಾರದ ಕೆಳಗಿತ್ತು. ನಾನು ರೈಲ್ವೇ ಸ್ಟೇಷನ್ನಿನಿಂದ ಪೇಟೆಯ ಅಂಗಡಿಗಳಿಗೆ ಮೂಟೆ ಸಾಗಿಸುವ ಎತ್ತಿನ ಗಾಡಿಯಲ್ಲಿ ಸಂಬಳಕ್ಕೆ ದುಡಿಯುತ್ತಿದ್ದೆ. ಗಾಡಿಯೂ ಧಣಿಯದ್ದು, ಎತ್ತೂ ಧಣಿಯದ್ದು, ಬೈಗುಳ ಮಾತ್ರ ನನ್ನದು. ಹೇಗೋ ಮಾಡಿ ಒಂದು ಹಳೆಯ ಗಾಡಿ ಕೊಂಡುಕೊಂಡಿದ್ದೆ. ಎತ್ತು ಇರಲಿಲ್ಲ. ಗಾಡಿ ನಮ್ಮ ಅಂಗಳದಲ್ಲಿ ನಿಂತಿತ್ತು. ಅದರಲ್ಲಿ ಅಮ್ಮನ ಕೋಳಿ ಮೊಟ್ಟೆ ಇಡುತ್ತಿತ್ತು. ಇನ್ನೊಂದು ಮಳೆಗಾಲ ಹಾಗೇ ನೆನೆದರೆ ಚಕ್ರ ಗೆದ್ದಲಿಗೆ, ನಾನು ಸಾಯುವವರೆಗೂ ಧಣಿಗೆ. ಹಾಗಾಗಿ ಆ ವರ್ಷ ಎತ್ತು ಸಿಗಲೇಬೇಕಿತ್ತು.

ಎತ್ತು ಬರುತ್ತಿದ್ದದ್ದು ಘಟ್ಟದ ಮೇಲಿನಿಂದ. ಮಳೆ ಬಿಟ್ಟ ಮೇಲೆ ಒಬ್ಬ ವ್ಯಾಪಾರಿ ಮಂದೆ ಹೊಡೆದುಕೊಂಡು ಇಳಿಯುತ್ತಿದ್ದ, ಪುತ್ತಿಗೆಯ ಕಡೆಯ ಒಂದು ಪದವಿನಲ್ಲಿ ಬಿಡಾರ ಹೂಡುತ್ತಿದ್ದ. ಪದವೆಂದರೆ ಬರೀ ಕೆಂಪು ಮುರಕಲ್ಲಿನ ಬಯಲು. ನೆರಳಿಗೆ ಒಂದೇ ಒಂದು ಮರ. ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಡುವವನೂ ಕೊಳ್ಳುವವನೂ ಎದುರುಬದುರು ಕುಕ್ಕರಗಾಲಲ್ಲಿ ಕೂತು, ಕೈ ಕೈ ಸೇರಿಸಿ, ಮೇಲೊಂದು ಬೈರಾಸು, ಅಂದರೆ ಹೆಗಲ ವಸ್ತ್ರ, ಹೊದೆಸುವುದು. ಬೈರಾಸಿನಡಿ ಬೆರಳು ಹಿಡಿದರೆ ಇಷ್ಟು, ಗೆಣ್ಣು ಮುಟ್ಟಿದರೆ ಇಷ್ಟು ಎಂದು ಲೆಕ್ಕ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಅಲ್ಲಿ ಒಂದು ಕಟ್ಟಳೆ ಇತ್ತು: ಯಾರು ಮೊದಲು ಕೈ ಹೊರಗೆ ತೆಗೆಯುತ್ತಾರೋ ಅವರು ಎದುರಿನವರ ಕ್ರಯಕ್ಕೆ ಒಪ್ಪಿದ ಹಾಗೆ.

ಈ ಘಟ್ಟದ ವ್ಯಾಪಾರಿಯ ಕೈ ಹಲಸಿನ ಕಾಯಿಯಷ್ಟು ದೊಡ್ಡದು, ಅಷ್ಟೇ ಒರಟು. ಅವನು ಕ್ರಯ ಹೇಳುತ್ತಿರಲಿಲ್ಲ, ಹಿಂಡುತ್ತಿದ್ದ. ಮುಖದಲ್ಲಿ ನಗು, ಬೈರಾಸಿನಡಿ ಗಾಣ. ಹಿಂದಿನ ವರ್ಷ ನಾನು ಅವನ ಮುಂದೆ ಕೂತು, ಕಣ್ಣಲ್ಲಿ ನೀರು ಬಂದು, ಕೈ ಎಳೆದುಕೊಂಡೆ. ಅವನ ಕ್ರಯ ನನ್ನ ಕೈಲಿದ್ದ ಹಣಕ್ಕಿಂತ ಮೇಲಿತ್ತು, ಎತ್ತಿಲ್ಲದೆ ಹಿಂದೆ ಬಂದೆ. ದಾರಿಯಲ್ಲಿ ಯೋಚಿಸಿದೆ. ನನ್ನ ಮಾತಿಗೆ ಏನೂ ಕೊರತೆಯಿಲ್ಲ, ಲೆಕ್ಕಕ್ಕೂ ಇಲ್ಲ. ಕೊರತೆ ಇರುವುದು ಐದು ಬೆರಳಿಗೆ.

ಪೇಟೆಯಲ್ಲಿ ಒಂದು ಹಂಚಿನ ಗೋದಾಮಿನ ಹಿಂದೆ ವ್ಯಾಯಾಮ ಶಾಲೆ ಇತ್ತು. ನಡೆಸುತ್ತಿದ್ದವರು ತಲಶ್ಶೇರಿ ಕಡೆಯ ಮಾಸ್ತರು. ಸರ್ಕಸ್ಸಿನಲ್ಲಿ ಎದೆಯ ಮೇಲೆ ಆನೆಯ ಕಾಲು ಇಡಿಸಿಕೊಂಡವರು ಎಂದು ಪ್ರತೀತಿ. ಆನೆ ಕಾಲು ಇಟ್ಟಿತ್ತೋ ಇಲ್ಲವೋ, ಎದೆಯಂತೂ ಇಡಬಹುದಾದ ಹಾಗೆ ಇತ್ತು. ಒಳಗೆ ಕೈಯಲ್ಲಿ ಹಿಡಿದು ತಿರುಗಿಸುವ ಮರದ ಲೋಡುಗಳು, ಗದೆ, ಹಿಡಿ ಹಾಕಿದ ಕಲ್ಲುಗಳು, ಮಾಡಿಗೆ ಕಟ್ಟಿದ ಹಗ್ಗ, ಮತ್ತೆ ಒಂದು ಬಿರುಕುಬಿಟ್ಟ ಕನ್ನಡಿ.

"ನನಗೆ ಬಲಗೈ ಮಾತ್ರ ಸಾಕು ಮಾಸ್ತರೇ" ಎಂದೆ.

"ಎಂತದು?"

"ಬಲಗೈ. ಹಿಡಿತ ಬರಬೇಕು. ಎದೆ ಬೇಡ, ಬೆನ್ನು ಬೇಡ, ಕಾಲು ಬೇಡ."

"ಇದೆಂತ ಮೀನು ಮಾರ್ಕೆಟ್ಟಾ, ತುಂಡು ಮಾಡಿ ಕೊಡ್ಲಿಕ್ಕೆ?"

"ಮೀನು ಮಾರ್ಕೆಟ್ಟಿನಲ್ಲಿ ತುಂಡಿಗೂ ರೇಟು ಉಂಟಲ್ಲ. ನಿಮ್ಮಲ್ಲಿ ಯಾಕಿಲ್ಲ?"

ಮಾಸ್ತರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನು ಮನೆಯಲ್ಲಿ ಕೂತು ಕೈಯನ್ನು ಮಾತ್ರ ಕಳಿಸ್ತೀಯಾ? ನೀನು ನಿಲ್ಲುವ ಜಾಗ? ಕುಡಿಯುವ ನೀರು?"

"ನೀರು ಮನೆಯಿಂದ ತರ್ತೇನೆ. ಜಾಗಕ್ಕೆ ಬದಲು ಗುಡಿಸಿ ಕೊಡ್ತೇನೆ."

"ಎಂಟಾಣೆ."

"ಎರಡಾಣೆ. ಹೆಬ್ಬೆರಳು ಬೇಕಾದರೆ ಬಿಟ್ಟುಬಿಡಿ."

"ಹೆಬ್ಬೆರಳು ಬಿಟ್ಟು ಹಿಡಿತವಾ! ನಾಲ್ಕಾಣೆ. ಇನ್ನು ಮಾತಾಡಿದರೆ ಆ ಕೈಯಲ್ಲೇ ನಿನ್ನನ್ನು ಹೊರಗೆ ಬಿಸಾಡ್ತೇನೆ."

ನಾಲ್ಕಾಣೆಗೆ ಆಯಿತು.

ಶಾಲೆಗೆ ಬರುತ್ತಿದ್ದವರನ್ನು ನಾನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ: ನೀವು ಇದೆಲ್ಲ ಎಂತಕ್ಕೆ ಮಾಡುವುದು? ಒಬ್ಬ ಕನ್ನಡಿ ನೋಡಿಕೊಂಡು "ಹೀಗೇ" ಎಂದ. ಇನ್ನೊಬ್ಬ "ಮೈಗೆ ಒಳ್ಳೆಯದಲ್ಲವಾ" ಎಂದ. ದರ್ಜಿಯೊಬ್ಬ, ಅವನೇ ಎಲ್ಲರಿಗಿಂತ ದಪ್ಪ ತೋಳಿನವನು, ತನ್ನ ಅಂಗಿಯ ತೋಳು ತಾನೇ ಮತ್ತೆ ಮತ್ತೆ ಬಿಚ್ಚಿ ಹೊಲಿಯುತ್ತಿದ್ದ, ಅದಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅಷ್ಟು ಜನರಲ್ಲಿ ಗುರಿ ಇದ್ದದ್ದು ನನಗೊಬ್ಬನಿಗೇ. ಅವರು ಬಸ್ಕಿ ಹೊಡೆಯುವಾಗ ನಾನು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಒದ್ದೆ ಮರಳು ಹಿಂಡುತ್ತಿದ್ದೆ. ತೆಂಗಿನ ನಾರಿನ ಉಂಡೆ ಹಿಂಡುತ್ತಿದ್ದೆ. ಹಿಡಿಕಲ್ಲನ್ನು ಬೆರಳ ತುದಿಯಲ್ಲಿ ಎತ್ತಿ ಇಳಿಸುತ್ತಿದ್ದೆ.

"ಏ, ನಿನ್ನ ಉಳಿದದ್ದೆಲ್ಲ ಯಾವಾಗ ಬರ್ತದೆ ಮಾರಾಯ?" ಎಂದು ದರ್ಜಿ ದಿನವೂ ಕೇಳುತ್ತಿದ್ದ.

"ಅದಕ್ಕೆ ರಜೆ" ಎನ್ನುತ್ತಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕೈ ತಯಾರಾಯಿತು. ಎಷ್ಟು ತಯಾರಾಯಿತು ಎಂದರೆ ಮನೆಯಲ್ಲಿ ಅಮ್ಮ ನನಗೆ ಊಟ ಬಡಿಸುವ ಮೊದಲು ಪಾತ್ರೆಗಳನ್ನು ಎಡಕ್ಕೆ ಸರಿಸಲು ಶುರುಮಾಡಿದರು. ಕಂಚಿನ ಲೋಟ ಒಂದು ಸೊಟ್ಟಗಾಗಿತ್ತು. ಚಾದಂಗಡಿಯವನು ನನಗೆ ಗ್ಲಾಸಿನಲ್ಲಿ ಚಾ ಕೊಡುವುದನ್ನು ನಿಲ್ಲಿಸಿ ಕರಟೆಯಲ್ಲಿ ಕೊಟ್ಟ. ನೆರೆಕರೆಯ ಹೆಂಗಸರು ತೆರೆಯದ ಭರಣಿ, ಹಿಂಡಲಾಗದ ಕಂಬಳಿ ಎಲ್ಲ ಹಿಡಿದುಕೊಂಡು ಬರತೊಡಗಿದರು. ನಾನು ಧರ್ಮಕ್ಕೆ ಮಾಡಲಿಲ್ಲ. ಭರಣಿ ತೆರೆದರೆ ಅದರೊಳಗಿನ ಉಪ್ಪಿನಕಾಯಿಯಲ್ಲಿ ನನಗೆ ಪಾಲು. ಆ ವರ್ಷ ನಮ್ಮ ಮನೆಯಲ್ಲಿ ಏಳೆಂಟು ಮನೆಯ ಉಪ್ಪಿನಕಾಯಿ ಇತ್ತು.

"ಕೈ ಒಂದೇ ಬೆಳೀತಾ ಉಂಟಲ್ಲ ಮಗಾ, ನಾಳೆ ಹೆಣ್ಣು ಕೊಡುವವರು ಎಂತ ಹೇಳಿಯಾರು?" ಎಂದು ಅಮ್ಮ ಕೊರಗಿದರು.

"ಎತ್ತು ಕೊಡುವವನು ಕೊಡಲಿ, ಹೆಣ್ಣು ಮತ್ತೆ ನೋಡುವ" ಎಂದೆ.

ಮಂದೆ ಬಂದ ಸುದ್ದಿ ಸಿಕ್ಕಿತು. ನಾನು ಒಬ್ಬನೇ ಹೋಗಬೇಕೆಂದಿದ್ದೆ, ಆದರೆ ಇಡೀ ಶಾಲೆ ಹೊರಟಿತು. ಮಾಸ್ತರಿಗೆ ಅದು ತಮ್ಮ ಶಾಲೆಯ ಮರ್ಯಾದೆಯ ಪ್ರಶ್ನೆ. ಪದವಿಗೆ ತಲುಪಿದ ಮೇಲೆ ಮರದ ಕೆಳಗೆ ನಿಲ್ಲಿಸಿ ನನ್ನ ಕೈಗೆ ಎಣ್ಣೆ ತಿಕ್ಕಿ, ತಿಕ್ಕಿದ್ದನ್ನು ಒರೆಸಿ, ತಮ್ಮ ಹೆಗಲ ಬೈರಾಸಿನಲ್ಲಿ ಸುತ್ತಿ ತಂದರು, ಹಸುಗೂಸನ್ನು ತರುವ ಹಾಗೆ. ಬಂದ ಕೂಡಲೇ ನಾನು ಕಣ್ಣಲ್ಲೇ ಆರಿಸಿಕೊಂಡ ಎತ್ತಿನ ಜೋಡಿ ಅಲ್ಲೇ ಇತ್ತು: ಎರಡೂ ಬಿಳಿ, ಒಳ್ಳೆ ಗೊರಸು, ಗುದ್ದುವ ಗುಣವಿಲ್ಲ.

ವ್ಯಾಪಾರಿ ನಮ್ಮನ್ನು ನೋಡಿ ನಕ್ಕ. ನೋಡಿದರೆ ಅವನ ಬಲಗೈಗೆ ಬಿದಿರಿನ ಸೀಳು ಕಟ್ಟಿ ಕುತ್ತಿಗೆಗೆ ತೂಗುಹಾಕಿತ್ತು. ಘಟ್ಟ ಇಳಿಯುವಾಗ ಕೋಣ ಒದ್ದಿತ್ತಂತೆ.

"ಎಡಗೈಲಿ ಯಾಪಾರ ಮಾಡಿದ್ರೆ ಒಳ್ಳೇದಾಗಲ್ಲ ಕಣಪ್ಪ. ನಮ್ಮವ್ವ ಕೂರ್ತಾಳೆ" ಎಂದ.

ಮಂದೆಯ ಹಿಂದಿನಿಂದ ಒಬ್ಬ ಮುದುಕಿ ಎದ್ದು ಬಂದಳು. ನನ್ನ ಸೊಂಟದೆತ್ತರ ಇದ್ದಳು. ಮುರಕಲ್ಲಿನ ಮೇಲೆ ಸಲೀಸಾಗಿ ಕುಕ್ಕರಗಾಲು ಹಾಕಿದಳು, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು, ಕೈ ಚಾಚಿದಳು. ಆ ಕೈ ಒಣಗಿದ ಹುಣಸೆ ಕೋಡಿನ ಹಾಗಿತ್ತು. ನಾನು ಎದುರು ಕೂತು ನನ್ನ ಕೈ ಕೊಟ್ಟೆ. ಅವಳು ಹೌಹಾರಿದಳು.

"ಏನ್ಲಾ ಮಗಾ ಇದು, ಬಾವು ಬಂದೈತಾ? ಬೇವಿನ ಸೊಪ್ಪು ಕಟ್ಲಿಲ್ವಾ ನಿಮ್ಮವ್ವ?"

"ಬಾವು ಅಲ್ಲ ಅಜ್ಜಿ, ಶಕ್ತಿ" ಎಂದೆ.

"ಹಂಗಾ. ಪಾಪ" ಎಂದಳು.

ಬೈರಾಸು ಬಿತ್ತು. ಅವಳು ಮೊದಲ ಕ್ರಯ ಹೇಳಿದಳು. ನಾನು ಅರ್ಧಕ್ಕಿಂತ ಸ್ವಲ್ಪ ಮೇಲೆ ಹೇಳಬೇಕು. ಹೇಳಬೇಕಾದರೆ ಅವಳ ಬೆರಳು ಹಿಡಿಯಬೇಕು. ಹಿಡಿಯಲು ಹೋದೆ, ಕಂಚಿನ ಲೋಟದ ನೆನಪಾಯಿತು. ಗಾಳಿ ತಾಗಿದ ಹಾಗೆ ಮುಟ್ಟಿದೆ.

"ಮುಟ್ಟಿದ್ಯಾ?" ಎಂದಳು.

"ಮುಟ್ಟಿದೆ."

"ಗೊತ್ತಾಗ್ಲಿಲ್ಲ. ಇನ್ನೊಂದ್ ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಅದೂ ಗೊತ್ತಾಗಲಿಲ್ಲ. ಹಿಂದಿನಿಂದ ಮಾಸ್ತರು "ಹಿಂಡು! ಉಸಿರು ಬಿಟ್ಟು ಹಿಂಡು!" ಎಂದು ಕೂಗುತ್ತಿದ್ದರು. ದರ್ಜಿ ಚಪ್ಪಾಳೆ ತಟ್ಟುತ್ತಿದ್ದ. ಹಿಂಡಿದರೆ ಆ ಮುದುಕಿಯ ಬೆರಳು ನನ್ನ ಕೈಯಲ್ಲೇ ಉಳಿಯುತ್ತದೆ. ಆಮೇಲೆ ಎತ್ತು ಕೊಡುವವರು ಯಾರು? ಅವಳಿಗೆ ಮಾತ್ರ ಅವಸರವೇ ಇರಲಿಲ್ಲ. ಎಷ್ಟು ಜನ ಅಣ್ಣತಮ್ಮಂದಿರು ಎಂದು ಕೇಳಿದಳು. ಈ ಕಡೆ ಮೀನು ತಿಂದು ತಿಂದು ಕೈ ಹೀಗಾಗುತ್ತದೆಯಾ ಎಂದು ಕೇಳಿದಳು. ಒಂದು ಎಲೆಯಡಿಕೆ ಉಗಿದು ಎಡಗೈಯಿಂದಲೇ ಇನ್ನೊಂದು ಹಾಕಿಕೊಂಡಳು. ಮರದ ನೆರಳು ನಮ್ಮನ್ನು ಬಿಟ್ಟು ಆಚೆ ಹೋಯಿತು.

ಅಷ್ಟರಲ್ಲಿ ನನ್ನ ಕಾಲು ಮಾತಾಡತೊಡಗಿತು. ಮೊದಲು ಬೆರಳು, ಮತ್ತೆ ಹಿಮ್ಮಡಿ, ಮತ್ತೆ ಮೊಣಕಾಲು; ಇರುವೆ ಹತ್ತಿದ ಹಾಗೆ, ಆಮೇಲೆ ಏನೂ ಇಲ್ಲದ ಹಾಗೆ. ಇಡೀ ವರ್ಷ ಕುರ್ಚಿಯಲ್ಲಿ ಕೂತು ಮರಳು ಹಿಂಡಿದ ಕಾಲು. ಗಾಡಿಯಲ್ಲೂ ಕಾಲು ತೂಗಾಡಿಸಿಯೇ ಕೂರುವ ಕಸುಬು. ನಾನು ಸ್ವಲ್ಪ ಎಡಕ್ಕೆ ವಾಲಿದೆ, ಬಲಗೈಯ ಭಾರ ಬಲಕ್ಕೆ ಎಳೆಯಿತು, ಅಂಗಾತ ಬಿದ್ದುಬಿಟ್ಟೆ. ಬೈರಾಸು ನನ್ನ ಮುಖದ ಮೇಲೆ ಬಿತ್ತು. ಕೈ ಮಾತ್ರ ನೆಟ್ಟಗೆ ಆಕಾಶದಲ್ಲಿತ್ತು.

"ತೆಗ್ದ!" ಎಂದು ವ್ಯಾಪಾರಿ ಕೂಗಿದ.

"ಬಿದ್ದದ್ದು, ತೆಗ್ದದ್ದಲ್ಲ!" ಎಂದು ಮಾಸ್ತರು ಜಗಳಕ್ಕೆ ನಿಂತರು. ಅಷ್ಟೂ ಗಟ್ಟಿ ದೇಹಗಳು ಅವರ ಹಿಂದೆ ಸಾಲಾಗಿ ನಿಂತವು. ಆದರೆ ಕಟ್ಟಳೆ ಕಟ್ಟಳೆಯೇ. ಮುದುಕಿ ಎದ್ದು, ಸೆರಗು ಕೊಡವಿ, ನನ್ನ ಕಾಲು ತಿಕ್ಕಿದಳು. ಅವಳ ಕ್ರಯಕ್ಕೆ ನನ್ನ ಹಣ ಸಾಲದೆಂದು ನನ್ನ ಮುಖ ನೋಡಿಯೇ ತಿಳಿದಳೆಂದು ಕಾಣುತ್ತದೆ.

"ನಿನ್ ದುಡ್ಗೆ ಒಂದ್ ಎತ್ತು ಬತ್ತದೆ. ಒಂಟಿ ಗಾಡಿ ಕಟ್ಕೋ ಹೋಗ್ಲಾ. ಸುಮ್ನೆ ಬರಿಗೈಲಿ ಹೋಗ್ಬೇಡ" ಎಂದಳು.

ಬಿದ್ದ ಜಾಗದಿಂದ ಏಳುವ ಮೊದಲೇ ನಾನು ಕೇಳಿದೆ: ಯಾವ ಎತ್ತು ಎಂದು ನಾನೇ ಆರಿಸುತ್ತೇನೆ, ಮೂಗುದಾರ ಹೊಸದು ಬೇಕು, ಕೊರಳ ಗಂಟೆ ಸೇರಿಸಿ. ಗಂಟೆಗೆ ಅವಳು ಒಪ್ಪಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಮಲಗಿಯೇ ಮಾತಾಡಿದೆ, ಗಂಟೆಯೂ ಬಂತು. ಆ ದಿನ ನಾನು ಕಂಡುಕೊಂಡದ್ದು, ನನ್ನ ವ್ಯಾಪಾರ ಮಲಗಿದಲ್ಲಿ ಚೆನ್ನಾಗಿ ನಡೆಯುತ್ತದೆ.

ಬಡಗಿಯಿಂದ ನೊಗ ಕಟ್ಟುವ ಮೂಕಿಮರ ಬದಲಾಯಿಸಿ ಒಂಟಿ ಎತ್ತಿನ ಗಾಡಿ ಮಾಡಿಸಿದೆ. ಆದರೆ ನಾನು ಆರಿಸಿದ್ದು ಜೋಡಿಯ ಬಲಗಡೆಯ ಎತ್ತು. ನೊಗಕ್ಕೆ ಕಟ್ಟಿದಂದಿನಿಂದ ಎಡಗಡೆ ಜೊತೆಗಾರನಿಗೆ ಜಾಗ ಬಿಟ್ಟು ನಡೆದದ್ದು, ಈಗಲೂ ಬಿಡುತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ನನ್ನ ಗಾಡಿಯ ಬಲಚಕ್ರ ಯಾವಾಗಲೂ ಚರಂಡಿಯ ಅಂಚಿನಲ್ಲಿ. ಎಡಗಡೆ ಒಂದು ಹುಲ್ಲಿನ ಕಟ್ಟು ತೂಗುಹಾಕಿದ ಮೇಲೆ ಅದನ್ನು ತಿನ್ನುವ ಆಸೆಗೆ ಎತ್ತು ನಡುರಸ್ತೆಗೆ ಬಂತು. ಧಣಿಯ ಸಂಬಳ ಬಿಟ್ಟೆ. ಕೋಳಿಗೆ ಬೇರೆ ಗೂಡು ಮಾಡಿಕೊಟ್ಟೆ. ಅಲ್ಲಿಂದ ಮೇಲೆ ನಾನು ಯಾರ ಗಾಡಿಯನ್ನೂ ಹೊಡೆಯಲಿಲ್ಲ.

ಈಗ ನಿಮಗೆ ನಾಲ್ಕು ಮಾತು. ವ್ಯಾಯಾಮ ಶಾಲೆಗೆ ಹೋಗುವುದಾದರೆ ಗುರಿ ಇಟ್ಟುಕೊಂಡೇ ಹೋಗಿ. ಕನ್ನಡಿ ನೋಡುವುದಕ್ಕೆ ಮನೆಯ ಕನ್ನಡಿ ಸಾಕು. ಆದರೆ ಗುರಿ ಇಡುವ ಮೊದಲು, ಆ ಕೆಲಸವನ್ನು ನಿಂತು ಮಾಡುವುದೋ ಕೂತು ಮಾಡುವುದೋ, ಎಷ್ಟು ಹೊತ್ತು, ಯಾರ ಎದುರು ಎಂದು ಹೋಗಿ ಕಣ್ಣಾರೆ ನೋಡಿಕೊಂಡು ಬನ್ನಿ. ಮೂಟೆ ಹೊರುವವರು ಬೆನ್ನಿಗಿಂತ ಮೊದಲು ಕಾಲು ಗಟ್ಟಿ ಮಾಡಿ. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕುಕ್ಕರಗಾಲಲ್ಲಿ ಕೂತೇ ಉಜ್ಜಿ, ಅದಕ್ಕೆ ಯಾರೂ ಫೀಸು ಕೇಳುವುದಿಲ್ಲ. ಒಂದು ಕೈ ಬೆಳೆಸಿದರೆ ಇನ್ನೊಂದನ್ನೂ ಬೆಳೆಸಿ, ಇಲ್ಲದಿದ್ದರೆ ಅಂಗಿ ಹೊಲಿಸುವಾಗ ದರ್ಜಿ ಎರಡು ಅಳತೆಗೆ ಜಾಸ್ತಿ ಕೇಳುತ್ತಾನೆ. ಸೇರುವುದು ಮಳೆಗಾಲದಲ್ಲಿ ಸೇರಿ. ಆಗ ಶಾಲೆ ಖಾಲಿ ಇರುತ್ತದೆ, ಮಾಸ್ತರು ಫೀಸು ಇಳಿಸುತ್ತಾರೆ. ಇಳಿಸದಿದ್ದರೆ ಎದ್ದು ಹೊರಟ ಹಾಗೆ ಮಾಡಿ, ಬಾಗಿಲ ಬಳಿ ಕೊಡೆ ಬಿಡಿಸುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳಿ. ಖಂಡಿತ ಕರೆಯುತ್ತಾರೆ.