ಊರನ್ನೇ ಸಾಗಿಸಿದ ಶೇಷಪ್ಪ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮನೆ ಬದಲಿಸುವವರು ಮೊದಲು ಜೋಯಿಸರನ್ನು ಕೇಳುತ್ತಿದ್ದರು, ಆಮೇಲೆ ಶೇಷಪ್ಪನನ್ನು. ಜೋಯಿಸರು ಎಷ್ಟೇ ಒಳ್ಳೆಯ ದಿನ ಹೇಳಿದರೂ ಅಂದು ಶೇಷಪ್ಪನ ಲಗೇಜ್ ಗಾಡಿಗೆ ಬಿಡುವಿಲ್ಲದಿದ್ದರೆ ಜನ ಮತ್ತೆ ಜೋಯಿಸರ ಹತ್ತಿರ ಹೋಗಿ ಇನ್ನೊಂದು ದಿನ ಹಾಕಿಸಿಕೊಂಡು ಬರುತ್ತಿದ್ದರು. ಅವನ ಗಾಡಿಯಲ್ಲಿ ಇಷ್ಟು ವರ್ಷದಲ್ಲಿ ಒಂದು ಕನ್ನಡಿ ಒಡೆದಿರಲಿಲ್ಲ, ಒಂದು ಬೀರುವಿನ ಬಾಗಿಲು ಸೊಟ್ಟಗಾಗಿರಲಿಲ್ಲ. ಇದಲ್ಲದೆ ಹಾಲಿನ ವಿಷಯವೂ ಇತ್ತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ದೇವರ ಫೋಟೋ, ದೀಪ, ತುಂಬಿದ ಕೊಡ ಇವನ್ನೆಲ್ಲ ಜನ ನೆನಪಿಟ್ಟುಕೊಳ್ಳುತ್ತಾರೆ. ಹಾಲು ಮಾತ್ರ ಹತ್ತರಲ್ಲಿ ಎಂಟು ಮಂದಿ ಮರೆಯುತ್ತಾರೆ. ಹಾಲುಕ್ಕಿಸದೆ ಹೊಸ ಮನೆಗೆ ಸಾಮಾನು ಇಳಿಸುವುದು ಹೇಗೆ? ಶೇಷಪ್ಪ ತಾನೇ ಬೆಳಿಗ್ಗೆ ಅರ್ಧ ಲೀಟರ್ ಪ್ಯಾಕೆಟ್ ತಂದು ಸೀಟಿನ ಪಕ್ಕ ಇಟ್ಟುಕೊಂಡಿರುತ್ತಿದ್ದ. ಮನೆಯೊಡತಿ ಬಾಗಿಲಲ್ಲಿ ನಿಂತು ಅಯ್ಯೋ ಎಂದು ಬಾಯಿ ಬಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ಅದನ್ನು ಮುಂದೆ ಹಿಡಿಯುತ್ತಿದ್ದ.

"ಹಾಲು ನಂದು, ಉಕ್ಸೋದು ನಿಮ್ದು ಕಣಮ್ಮ" ಎನ್ನುತ್ತಿದ್ದ. ಅದಕ್ಕೆ ದುಡ್ಡು ಮುಟ್ಟುತ್ತಿರಲಿಲ್ಲ.

ಅವನ ಕಸುಬಿಗೊಂದು ಸೀಸನ್ ಇತ್ತು. ಆಷಾಢ ಬಿಟ್ಟು ಉಳಿದ ತಿಂಗಳೆಲ್ಲ ಸೀಸನ್ನೇ ಎಂದು ನೀವು ಅಂದುಕೊಂಡರೆ ನಿಮಗೆ ಭದ್ರಾವತಿ ಗೊತ್ತಿಲ್ಲ. ಅಲ್ಲಿನ ಸೀಸನ್ ಬರುತ್ತಿದ್ದುದು ಎಲೆಕ್ಷನ್ ಮುಗಿದ ಮೇಲೆ. ಊರಿಗೆ ಅನ್ನ ಕೊಡುತ್ತಿದ್ದ ಕಾರ್ಖಾನೆ ಮುಚ್ಚಿ ಅದರ ಸೈರನ್ ನಿಂತ ಮೇಲೂ ಪ್ರತಿ ಚುನಾವಣೆಗೆ ಎಲ್ಲ ಪಕ್ಷದವರೂ ಬಂದು, ಗೆದ್ದ ಮೂರು ತಿಂಗಳಲ್ಲಿ ಮತ್ತೆ ಶುರು ಮಾಡಿಸುತ್ತೇವೆ ಎಂದು ಮೈಕಿನಲ್ಲಿ ಹೇಳಿ ಹೋಗುತ್ತಿದ್ದರು. ಜನ ಕಾಯುತ್ತಿದ್ದರು. ಎಣಿಕೆ ಮುಗಿದು, ಪಟಾಕಿ ಹೊಡೆದು, ಮೂರು ತಿಂಗಳೂ ಕಳೆದು, ಏನೂ ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಬ್ಬೊಬ್ಬರೇ ಶೇಷಪ್ಪನಿಗೆ ಫೋನ್ ಮಾಡುತ್ತಿದ್ದರು. ಫಿಟ್ಟರ್ ಆಗಿದ್ದವರು ಶಿವಮೊಗ್ಗದಲ್ಲಿ ಅಪಾರ್ಟ್‌ಮೆಂಟಿನ ವಾಚ್‌ಮನ್ ಆದರು. ಕ್ಯಾಂಟೀನಿನಲ್ಲಿ ಸಾಂಬಾರು ಮಾಡುತ್ತಿದ್ದ ತಮಿಳಿನವರು ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಗಾಡಿ ಹಾಕಿದರು. ಎಲ್ಲರ ಮಂಚ, ಗ್ರೈಂಡರ್, ತುಳಸಿ ಕುಂಡ ಹೋಗಿದ್ದು ಶೇಷಪ್ಪನ ಗಾಡಿಯಲ್ಲೇ.

ಅವನೊಬ್ಬ ಮಾತ್ರ ಹೋಗಲಿಲ್ಲ. ಕಾಲುವೆ ಪಕ್ಕದ ಸರ್ಕಾರಿ ಜಾಗದಲ್ಲಿ ಅವನದೊಂದು ಶೀಟಿನ ಮನೆ ಇತ್ತು. ಎರಡು ಕೋಣೆ, ಮುಂದೆ ಗಾಡಿ ನಿಲ್ಲಿಸುವಷ್ಟು ಜಾಗ, ಹಿಂದೆ ಹೆಂಡತಿ ಪುಷ್ಪಾ ಹಾಕಿದ್ದ ನುಗ್ಗೆ ಮರ. ಮಗಳು ಹುಟ್ಟಿದ್ದು ಅಲ್ಲಿ, ಮದುವೆಯಾಗಿ ತರೀಕೆರೆಗೆ ಹೊರಟಿದ್ದೂ ಅದೇ ಬಾಗಿಲಿನಿಂದ. ಜಾಗಕ್ಕೆ ಹಕ್ಕುಪತ್ರ ಇರಲಿಲ್ಲ. ಆದರೆ ಮನೆಗೆ ನಂಬರ್ ಇತ್ತು, ನಂಬರಿಗೆ ಕಂದಾಯ ಇತ್ತು, ಆ ಕಂದಾಯವನ್ನು ಶೇಷಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ. ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಏಪ್ರಿಲ್ ಮೊದಲ ವಾರ ನಗರಸಭೆ ಕಚೇರಿ ಬಾಗಿಲು ತೆರೆಯುವ ಮುಂಚೆಯೇ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಅಲ್ಲಿ ನಿಂತಿರುತ್ತಿದ್ದ. ರಸೀದಿ ಸಿಕ್ಕಿದ ಕೂಡಲೇ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸುತ್ತಿದ್ದ. ಇಂಥ ಇಪ್ಪತ್ತು ರಸೀದಿಗಳು ಪುಷ್ಪಾಳ ರೇಷ್ಮೆ ಸೀರೆಯ ಕೆಳಗೆ ಬೀರುವಿನಲ್ಲಿದ್ದವು. ಸರ್ಕಾರ ಕಂದಾಯ ಈಸಿಕೊಂಡ ಮೇಲೆ ಮನೆ ನಮ್ಮದಲ್ಲದೆ ಇನ್ಯಾರದ್ದು ಎನ್ನುವುದು ಅವನ ನಂಬಿಕೆ. ಅವನೊಬ್ಬನದೇ ಅಲ್ಲ, ಆ ಸಾಲಿನ ಎಲ್ಲರ ನಂಬಿಕೆ. ಆ ರಸೀದಿಯ ಅಡಿಯಲ್ಲಿ, ಇದು ಮಾಲೀಕತ್ವದ ದಾಖಲೆಯಲ್ಲ ಎಂದು ಇರುವೆ ಸಾಲಿನಷ್ಟು ಸಣ್ಣದಾಗಿ ಅಚ್ಚಾಗಿದ್ದುದನ್ನು ಯಾರೂ ಓದಿರಲಿಲ್ಲ.

ಈ ಪತ್ರವಿಲ್ಲದ ಜಾಗದಿಂದ ತಪ್ಪಿಸಿಕೊಳ್ಳಲು ಅವನಿಗೊಂದು ದಾರಿ ಸಿಕ್ಕಿತ್ತು. ಓಲ್ಡ್ ಟೌನಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನವರು ವ್ಯಾಪಾರ ಬಿದ್ದುಹೋಯಿತೆಂದು ಶಿವಮೊಗ್ಗದ ವಿದ್ಯಾನಗರಕ್ಕೆ ಹೋದರು. ಹದಿಮೂರು ವರ್ಷದ ಹಿಂದಿನ ಮಾತು. ನಾಲ್ಕು ಟ್ರಿಪ್ ಹಿತ್ತಾಳೆ, ಸ್ಟೀಲು ಇಳಿಸಿ, ಹಾಲುಕ್ಕಿಸಿ ಮಾಡಿದ ಪಾಯಸ ಕುಡಿಯುತ್ತ ಶೇಷಪ್ಪ ಕೂತಿದ್ದಾಗ ಸಾಹುಕಾರರು ಪಕ್ಕಕ್ಕೆ ಬಂದರು.

"ಆಯನೂರು ರಸ್ತೇಲಿ ಒಂದು ಲೇಔಟ್ ಮಾಡ್ತಿದೀವಿ ಮಾರಾಯ. ಸಿಟಿ ಲಿಮಿಟ್‌ನಿಂದ ಆಚೆ, ಪಂಚಾಯ್ತಿ ಕಂದಾಯ. ವರ್ಷಕ್ಕೆ ಕಟ್ಟೋದು ಒಂದು ಊಟದ ದುಡ್ಡು. ನಿಂಗೆ ಅಂತ ಎರಡು ಲಕ್ಷಕ್ಕೆ ಬಿಡ್ತೀನಿ, ಒಂದು ಸೈಟು ಹಿಡ್ಕೊ."

ಗಾಡಿಯ ಸಾಲ ತೀರಿ ಕೈಯಲ್ಲಿ ಅಷ್ಟು ದುಡ್ಡಿತ್ತು. ಪುಷ್ಪಾ ಅಂದು ರಾತ್ರಿ ಊಟ ಬಡಿಸುತ್ತ, "ತಗೊಳ್ರೀ, ನನ್ನ ಸರಾನೂ ಬೇಕಾದ್ರೆ ಇಡಿ" ಎಂದಳು.

"ನಮ್ಗೆ ಮನೆ ಇಲ್ವೇನೆ ಮಾರಾಯ್ತಿ? ಇವತ್ತಲ್ಲ ನಾಳೆ ಹಕ್ಕುಪತ್ರ ಬರುತ್ತೆ. ಈ ಸಲ ಗ್ಯಾರಂಟಿ ಅಂತ ಹೇಳ್ಬಿಟ್ಟಿದಾರೆ" ಎಂದ ಶೇಷಪ್ಪ. ಹೇಳಿದವರು ಆ ಸಲದ ಅಭ್ಯರ್ಥಿ. ಆ ದುಡ್ಡಿನಲ್ಲಿ ಒಂದಿಷ್ಟು ತೆಗೆದು ಅವನು ಮನೆಗೆ ಸಿಮೆಂಟ್ ನೆಲ ಹಾಕಿಸಿದ.

ಆಮೇಲೆ ಶಿವಮೊಗ್ಗ ಬೆಳೆಯಿತು ನೋಡಿ. ವಿದ್ಯಾನಗರದ ಮನೆ ಮಾಲೀಕರು ಹೊಸ ತೆರಿಗೆಯ ನೆಪ ಹೇಳಿ ಬಾಡಿಗೆ ಏರಿಸಿದರು. ಬಾಡಿಗೆ ತಾಳಲಾರದವರು ಪಂಚಾಯಿತಿ ಕಂದಾಯದ ಆಸೆಗೆ ಊರಾಚೆಯ ಲೇಔಟುಗಳಿಗೆ ಹೋದರು. ಅವರು ಹೋಗಿ ಬಾವಿ ತೋಡಿ, ಮನೆ ಕಟ್ಟಿ, ಗೋಡೆಗೆ ಸುಣ್ಣ ಹೊಡೆಯುವ ಹೊತ್ತಿಗೆ ನಗರದ ಗಡಿ ಅವರ ಹಿಂದೆಯೇ ಬಂತು. ಗಡಿಯ ಜೊತೆ ತೆರಿಗೆಯೂ ಬಂತು. ಅಲ್ಲಿ ಬಾಡಿಗೆಗಿದ್ದವರು ಮತ್ತೂ ಆಚೆ ಹೋದರು. ಒಂದೇ ಸಂಸಾರವನ್ನು ಶೇಷಪ್ಪ ಮೂರು ಮೂರು ಸಲ ಸಾಗಿಸಿದ. ಮೂರನೆಯ ಸಲ ಆ ಮನೆಯೊಡತಿಯರು ಹಾಲಿನ ಪ್ಯಾಕೆಟ್ ಈಸಿಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ. ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು, ಜೊತೆಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು. ತಾನೊಬ್ಬ ಗಟ್ಟಿಯಾಗಿ ಕೂತೆ ಎಂದು ಮನೆಗೆ ಬಂದು ಪುಷ್ಪಾಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ಕೊಟ್ರಬಸಪ್ಪನವರಿಗೆ ವಾರ್ಡಿನ ಚುನಾವಣೆಗೆ ನಿಲ್ಲುವ ಚಪಲ ಹತ್ತಿತು. ನಿಲ್ಲಲು ದುಡ್ಡಿತ್ತು, ಗೆಲ್ಲಲು ವೋಟು ಸಾಲದು. ಶೇಷಪ್ಪನನ್ನು ಕರೆಸಿದರು.

"ನಿಂದು, ನಿನ್ ಹೆಂಡ್ತೀದು ಆಧಾರ್ ಕಾರ್ಡ್ ಕೊಡು. ಅಡ್ರೆಸ್ಸು ನಮ್ಮನೇದೇ ಹಾಕಿ ವೋಟು ಇಲ್ಲಿಗೆ ಮಾಡಿಸ್ತೀನಿ. ಎಲೆಕ್ಷನ್ ಮುಗಿದ ಮೇಲೆ ವಾಪಸ್ ಹಾಕಿಸ್ಕೊಂಡ್ರೆ ಆಯ್ತು."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸಾಹುಕಾರರ ಕಡೆಯಿಂದ ವರ್ಷಕ್ಕೆ ಇಪ್ಪತ್ತು ಮೂವತ್ತು ಬಾಡಿಗೆ ಟ್ರಿಪ್ ಬರುತ್ತಿತ್ತು. ಅದೂ ಅಲ್ಲದೆ, ಇಷ್ಟೊಂದು ಜನರನ್ನು ಸಂಸಾರ ಸಮೇತ ಸಾಗಿಸಿದವನಿಗೆ ಎರಡು ವೋಟು ಸಾಗಿಸುವುದು ಯಾವ ಮಹಾ ದೊಡ್ಡದು? ಕಾರ್ಡು ಕೊಟ್ಟ. ಎರಡೂ ಹೆಸರು ಶಿವಮೊಗ್ಗಕ್ಕೆ ಹೋದವು. ಚುನಾವಣೆ ಮಾತ್ರ ಬರಲಿಲ್ಲ. ಇಂದು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ವಾಪಸು ಹಾಕಿಸಿಕೊಳ್ಳುವುದು ಅವನ ತಲೆಯಿಂದಲೇ ಜಾರಿಹೋಯಿತು.

ಅಷ್ಟರಲ್ಲಿ ಹಕ್ಕುಪತ್ರದ ಸರ್ವೆ ನಿಜಕ್ಕೂ ಬಂದುಬಿಟ್ಟಿತು. ಕಾಲುವೆ ರಸ್ತೆ ಅಗಲವಾಗಬೇಕಿತ್ತು, ಆ ಸಾಲಿನಲ್ಲಿ ವಾಸವಿರುವವರಿಗೆ ಬೇರೆ ಕಡೆ ಪತ್ರ ಸಮೇತ ಜಾಗ ಕೊಡುವುದು ಎಂದಾಗಿತ್ತು. ಶೇಷಪ್ಪ ಆ ದಿನ ಬಂದ ಬಾಡಿಗೆ ಬಿಟ್ಟು ಮನೆಯಲ್ಲಿ ಕೂತ. ಪುಷ್ಪಾ ಉಪ್ಪಿಟ್ಟು ಮಾಡಿದಳು. ಸರ್ವೆಗೆ ಬಂದ ಹುಡುಗಿ ಜಗಲಿಯಲ್ಲಿ ಕೂತು ಟ್ಯಾಬ್‌ನಲ್ಲಿ ನಂಬರ್ ಒತ್ತಿದಳು. ಅವನು ಇಪ್ಪತ್ತು ರಸೀದಿಗಳನ್ನು ವರ್ಷದ ಪ್ರಕಾರ ಅವಳ ಮುಂದೆ ಹರಡಿದ.

"ಇದು ಬೇಡ ಅಂಕಲ್" ಎಂದಳು ಹುಡುಗಿ. "ನೀವು ಇಲ್ಲಿಲ್ವಲ್ಲ? ನಿಮ್ಮಿಬ್ಬರ ಹೆಸರೂ ಶಿವಮೊಗ್ಗ ತೋರಿಸ್ತಿದೆ, ವಿದ್ಯಾನಗರ. ವೋಟರ್ ಲಿಸ್ಟೂ ಅಲ್ಲೇ, ಆಧಾರೂ ಅಲ್ಲೇ."

"ಅದು ಸುಮ್ನೆ ಕಣಮ್ಮ, ಎಲೆಕ್ಷನ್‌ಗೆ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು.

"ಇಪ್ಪತ್ತೈದು ವರ್ಷದಿಂದ ಇಲ್ಲೇ ಇದೀವಿ ತಾಯಿ. ಈ ನುಗ್ಗೆ ಮರ ನಾನೇ ಹಾಕಿದ್ದು" ಎಂದಳು ಪುಷ್ಪಾ.

ಹುಡುಗಿ ಕೆಟ್ಟವಳಲ್ಲ. ಮರವನ್ನು ನೋಡಿದಳು, ಇವರ ಮುಖ ನೋಡಿದಳು. "ನನಗೆ ಕಾಣ್ತಿದೆ ಆಂಟಿ. ಇದಕ್ಕೆ ಕಾಣಲ್ಲ" ಎಂದು ಟ್ಯಾಬ್ ತೋರಿಸಿ, ಸ್ಥಳಾಂತರಗೊಂಡವರು ಎಂಬ ಖಾನೆಗೆ ಒತ್ತಿದಳು. ಉಪ್ಪಿಟ್ಟು ತಿನ್ನದೆ ಮುಂದಿನ ಮನೆಗೆ ಹೋದಳು. ಆ ಸಾಲಿನಲ್ಲಿ ಉಳಿದಿದ್ದ ಹದಿನಾಲ್ಕು ಮನೆಗಳಲ್ಲಿ ಹದಿಮೂರಕ್ಕೆ ಪತ್ರ ಬಂತು.

ಶೇಷಪ್ಪ ತಿರುಗದ ಕಚೇರಿ ಇಲ್ಲ. ವೋಟು ವಾಪಸು ಹಾಕಿಸಿದ. ಸರ್ವೆಯ ತಾರೀಕಿನಂದು ದಾಖಲೆಯಲ್ಲಿ ಎಲ್ಲಿದ್ದಿರಿ ಎನ್ನುವುದೇ ಲೆಕ್ಕ ಎಂದರು ಕಚೇರಿಯವರು. ಕೊನೆಗೆ ಕೊಟ್ರಬಸಪ್ಪನವರ ಮುಂದೆ ನಿಂತ. ಅವರಿಗೂ ಬೇಸರವಾಯಿತು. ನಾಲ್ಕು ಕಡೆ ಫೋನ್ ಮಾಡಿದರು, ನಾಲ್ಕು ಕಡೆಯೂ ನೋಡೋಣ ಎಂದರು.

"ಹೋಗ್ಲಿ ಬಿಡು ಶೇಷಪ್ಪ. ಆಯನೂರು ರಸ್ತೆ ಲೇಔಟಲ್ಲಿ ನಂದು ಗೋಡೌನ್ ಹಿಂದೆ ಎರಡು ರೂಮಿದೆ. ಅಲ್ಲಿಗೇ ಬಂದ್ಬಿಡು. ಬಾಡಿಗೆ ಆರು ಸಾವಿರ. ಸಿಟಿ ಟ್ಯಾಕ್ಸ್ ಏರಿದೆಯಲ್ಲ, ಅದೂ ಸೇರಿ."

"ಇದೇ ಲೇಔಟ್ ಅಲ್ವಾ ಸಾಹುಕಾರ್ರೇ, ಎರಡು ಲಕ್ಷಕ್ಕೆ ಹೇಳಿದ್ದು?"

"ಹೂಂ. ಈಗ ಮೂವತ್ತೂ ದಾಟಿದೆ" ಎಂದರು ಸಾಹುಕಾರರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಶೇಷಪ್ಪ ಒಂದಿಷ್ಟು ಬೈದು ಹಗುರಾಗುತ್ತಿದ್ದ.

ಸಂಕ್ರಾಂತಿ ಕಳೆದ ವಾರ ಮನೆ ಖಾಲಿ ಮಾಡಿದರು. ಜೋಯಿಸರನ್ನು ಕೇಳಲಿಲ್ಲ, ಜೆಸಿಬಿಯವರು ಹೇಳಿದ ದಿನವೇ ಮುಹೂರ್ತ. ಊರಿನವರ ಸಾಮಾನಿಗೆಲ್ಲ ಎರಡು ಸುತ್ತು ಹಗ್ಗ ಬಿಗಿಯುತ್ತಿದ್ದವನು ತನ್ನದಕ್ಕೆ ಒಂದೇ ಸುತ್ತು ಹಾಕಿದ. ದಾರಿಯಲ್ಲಿ ಬೀರುವಿನ ಕನ್ನಡಿ ಒಡೆಯಿತು. ಗೋಡೌನಿನ ಹಿಂದೆ ಗಾಡಿ ನಿಂತಾಗ ಅಭ್ಯಾಸಬಲದಿಂದ ಅವನು ಸೀಟಿನ ಪಕ್ಕದಿಂದ ಹಾಲಿನ ಪ್ಯಾಕೆಟ್ ತೆಗೆದು ಹೆಂಡತಿಯ ಮುಂದೆ ಹಿಡಿದ. ಆದರೆ ಯಾವತ್ತೂ ಹೇಳುವ ಮಾತು ಬಾಯಿಗೆ ಬರಲಿಲ್ಲ.

ಪುಷ್ಪಾ ಸ್ಟೌ ಹಚ್ಚಿ ಹಾಲಿಟ್ಟಳು. ಹಾಲು ಕಾದು ಅಂಚಿಗೆ ಏರಿತು. ಇನ್ನೇನು ಉಕ್ಕಬೇಕು, ಅವಳು ಸ್ಟೌ ಆರಿಸಿಬಿಟ್ಟಳು.

"ಯಾಕೆ?" ಎಂದ ಶೇಷಪ್ಪ.

"ಅವ್ರ ಮನೆಗೆ ನಾವ್ಯಾಕೆ ಉಕ್ಸೋದು" ಎಂದು ಅವಳು ಅದಕ್ಕೇ ಟೀ ಪುಡಿ ಹಾಕಿದಳು. ಇಬ್ಬರೂ ಕಟ್ಟು ಬಿಚ್ಚದ ಹಾಸಿಗೆಯ ಮೇಲೆ ಕೂತು ಕುಡಿದರು. ಶೇಷಪ್ಪ ಅತ್ತ. ಇದಕ್ಕೆ ಮುಂಚೆ ಅವನು ಅಳುವುದನ್ನು ಅವಳು ನೋಡಿದ್ದು ಮಗಳನ್ನು ಕಳಿಸಿಕೊಟ್ಟ ದಿನ ಒಂದೇ ಸಲ.

ಏಪ್ರಿಲ್ ಬಂತು. ಮೊದಲ ವಾರ ಶೇಷಪ್ಪ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡ. ಬಾಡಿಗೆ ಇದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಭದ್ರಾವತಿಗೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಂತ. ಕೌಂಟರಿನಲ್ಲಿ ಇಪ್ಪತ್ತು ವರ್ಷದ ಪರಿಚಯದ ರವಿಶಂಕರ ಇದ್ದ. ನಂಬರ್ ಕೇಳಿ ಕಣ್ಣೆತ್ತಿ ನೋಡಿದ.

"ಶೇಷಣ್ಣ, ಆ ಮನೆ ಕೆಡವಿ ಹಾಕಿದ್ರಲ್ಲ? ಈಗ ಅಲ್ಲಿ ರೋಡು."

"ನಿಮ್ಮ ಕಂಪ್ಯೂಟರಲ್ಲಿ ಇದ್ಯಾ?"

ರವಿಶಂಕರ ಒತ್ತಿ ನೋಡಿದ. "ಇದೆ. ಇನ್ನೂ ತೆಗೆದಿಲ್ಲ."

"ಯಾರ ಹೆಸರಲ್ಲಿ?"

"ನಿಮ್ಮದೇ."

"ಹಂಗಾದ್ರೆ ಈಸ್ಕೊಳಿ" ಎಂದು ಶೇಷಪ್ಪ ದುಡ್ಡು ಮುಂದಿಟ್ಟ.

ರವಿಶಂಕರ ಐದು ಪರ್ಸೆಂಟ್ ರಿಯಾಯಿತಿ ಕಳೆದು ರಸೀದಿ ಕೊಟ್ಟ. ಶೇಷಪ್ಪ ಅದನ್ನು ಮಡಚದೆ ಹಿಡಿದುಕೊಂಡು ರಸ್ತೆ ದಾಟಿ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಷೀನ್ ಬಿಸಿಯಾಗುವವರೆಗೆ ಕಾಯುತ್ತ ನಿಂತ.